ಹಚ್ಚೆ ಅಂಗಡಿಯ ಗೋಡೆ

1944ರ ಮಾರ್ಚ್ 4ರ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಯ ಮುಖಪುಟಕ್ಕೆ ನಾರ್ಮನ್ ರಾಕ್‌ವೆಲ್ ಒಂದು ಚಿತ್ರ ಬರೆದುಕೊಟ್ಟ. ಯುದ್ಧಕಾಲದ ನಾವಿಕನೊಬ್ಬ ತೋಳು ಚಾಚಿ ಕುಳಿತಿದ್ದಾನೆ, ಹಚ್ಚೆಗಾರ ಅದರ ಮೇಲೆ ಬಗ್ಗಿದ್ದಾನೆ. ತೋಳಿನಲ್ಲಿ ಒಂದರ ಕೆಳಗೊಂದು ಹೆಣ್ಣುಮಕ್ಕಳ ಹೆಸರು: ಸೇಡಿ, ರೊಸಿಯೆಟಾ, ಮಿಂಗ್ ಫೂ, ಓಲ್ಗಾ, ಹೀಗೆ. ಎಲ್ಲಕ್ಕೂ ಅಡ್ಡಗೆರೆ ಬಿದ್ದಿದೆ. ಈಗ ಬೆಟ್ಟಿಯ ಸರದಿ. ನೋಡಿದವರು ನಗುವುದು ಆ ಹೆಸರುಗಳನ್ನು ನೋಡಿ, ರಾಕ್‌ವೆಲ್‌ಗೆ ಬೇಕಾಗಿದ್ದದ್ದೂ ಅದೇ. ಆದರೆ ಈಗ ಬ್ರೂಕ್ಲಿನ್ ಮ್ಯೂಸಿಯಂನಲ್ಲಿರುವ ಆ ಚಿತ್ರದಲ್ಲಿ ಕಣ್ಣು ನಿಲ್ಲಬೇಕಾದ ಜಾಗ ಇನ್ನೊಂದಿದೆ, ಇಬ್ಬರ ಹಿಂದಿನ ಗೋಡೆ. ಅದರ ತುಂಬ ಹಚ್ಚೆಯ ನಮೂನೆಗಳನ್ನು ಒತ್ತೊತ್ತಾಗಿ ಅಂಟಿಸಿದೆ. ಇಂಗ್ಲಿಷ್ ಕಸುಬಿನ ಮಾತಿನಲ್ಲಿ ಈ ನಮೂನೆ ಹಾಳೆಗಳಿಗೆ 'ಫ್ಲ್ಯಾಶ್' ಎನ್ನುತ್ತಾರೆ. ಹಚ್ಚೆ ಮತ್ತು ಆಧುನಿಕ ಕಲೆಯ ನಂಟನ್ನು ಕುರಿತ ಬರಹಗಳು ಸಾಮಾನ್ಯವಾಗಿ ಚರ್ಮದಿಂದ ಶುರುವಾಗುತ್ತವೆ: ನೋವು, ದೇಹ, ಗುರುತು, ಬಂಡಾಯ. ಅವೆಲ್ಲ ನಿಜವೇ. ಆದರೆ ಹಚ್ಚೆಯ ಚಿತ್ರಗಳು ಪಾಪ್ ಆರ್ಟಿನ ಪಕ್ಕದಲ್ಲಿ ಅಷ್ಟು ಸಲೀಸಾಗಿ ಯಾಕೆ ಕೂರುತ್ತವೆ, ಸಮಕಾಲೀನ ಕಲಾವಿದರು ಅವನ್ನು ಯಾಕೆ ಅಷ್ಟು ಸುಲಭವಾಗಿ ಎತ್ತಿಕೊಳ್ಳುತ್ತಾರೆ ಎಂಬುದಕ್ಕೆ ಚರ್ಮ ಉತ್ತರ ಕೊಡುವುದಿಲ್ಲ. ಉತ್ತರ ಆ ಗೋಡೆಯ ಮೇಲಿದೆ. ಇಪ್ಪತ್ತನೆಯ ಶತಮಾನದ ಹಚ್ಚೆ ಮೈಗೆ ಬರುವ ಮೊದಲೇ ನಕಲಿನ ಕಲೆಯಾಗಿತ್ತು, ಅಚ್ಚಿನ ಮನೆಯ ಸಂಬಂಧಿಯಾಗಿತ್ತು ಎಂಬುದು ನನ್ನ ವಾದ.

ಅದಕ್ಕೆ ಮೊದಲ ಸಾಕ್ಷಿ ಯಂತ್ರವೇ. 1876ರಲ್ಲಿ ಥಾಮಸ್ ಎಡಿಸನ್ ವಿದ್ಯುತ್ ಲೇಖನಿಯೊಂದಕ್ಕೆ ಪೇಟೆಂಟ್ ಪಡೆದ. ಪುಟ್ಟ ಮೋಟಾರು ಸೂಜಿಯೊಂದನ್ನು ಸರಸರನೆ ಮೇಲೆ ಕೆಳಗೆ ಆಡಿಸುತ್ತಿತ್ತು. ಅದರಿಂದ ಬರೆದರೆ ಕಾಗದದಲ್ಲಿ ಸಣ್ಣ ಸಣ್ಣ ತೂತುಗಳ ಸಾಲು ಮೂಡುತ್ತಿತ್ತು, ಆ ತೂತುಗಳ ಮೂಲಕ ಶಾಯಿ ಹಾಯಿಸಿದರೆ ಒಂದೇ ಪತ್ರದ ಹತ್ತಾರು ಪ್ರತಿಗಳು. ನಮ್ಮ ಶಾಲೆಗಳ ಪ್ರಶ್ನೆಪತ್ರಿಕೆ ಬರುತ್ತಿದ್ದ ಸೈಕ್ಲೋಸ್ಟೈಲ್ ಯಂತ್ರದ ಮುತ್ತಾತ ಅದು. ಕಚೇರಿಗಳಲ್ಲಿ ಅದು ಹೆಚ್ಚು ಕಾಲ ಬಾಳಲಿಲ್ಲ. ಆದರೆ ನ್ಯೂಯಾರ್ಕಿನ ಬೌವರಿ ಪ್ರದೇಶದ ಹಚ್ಚೆಗಾರ ಸ್ಯಾಮ್ಯುಯೆಲ್ ಓ'ರೈಲಿ ಅದೇ ತತ್ವವನ್ನು ಹಿಡಿದು, ಸೂಜಿಗೆ ಶಾಯಿ ಉಣಿಸುವ ಏರ್ಪಾಟು ಸೇರಿಸಿ, 1891ರ ಡಿಸೆಂಬರಿನಲ್ಲಿ ಹಚ್ಚೆ ಯಂತ್ರದ ಪೇಟೆಂಟ್ ಪಡೆದ. ಅಂದರೆ ಪೇಟೆಂಟ್ ಪಡೆದ ಮೊದಲ ವಿದ್ಯುತ್ ಹಚ್ಚೆ ಯಂತ್ರ ನಕಲು ತೆಗೆಯುವ ಯಂತ್ರದ ಸಂತಾನ. (ಎಡಿಸನ್‌ನ ಮುಂಗೈ ಮೇಲೂ ಐದು ಚುಕ್ಕೆಗಳ ಹಚ್ಚೆಯಿತ್ತೆಂದು ಅವನ ವಿಮೆಯ ದಾಖಲೆ ಹೇಳುತ್ತದೆ.) 1904ರಲ್ಲಿ ಅದೇ ಬೀದಿಯ ಚಾರ್ಲಿ ವ್ಯಾಗ್ನರ್ ವಿದ್ಯುತ್ಕಾಂತದ ಸುರುಳಿಗಳಿಂದ ನಡೆಯುವ ಇನ್ನೊಂದು ಮಾದರಿಗೆ ಪೇಟೆಂಟ್ ಪಡೆದ. ಕೈಯಲ್ಲಿ ಗಂಟೆಗಟ್ಟಲೆ ಚುಚ್ಚುತ್ತಿದ್ದ ಕೆಲಸ ನಿಮಿಷಗಳಿಗೆ ಇಳಿಯಿತು. ಹಡಗು ಬಂದರಿನಲ್ಲಿ ನಿಲ್ಲುವ ಅವಧಿ ಕಡಿಮೆ, ರಜೆ ಸಿಕ್ಕ ನಾವಿಕರು ಬಹಳ. ವೇಗ ಬಂದ ಮೇಲೆ ಗಿರಾಕಿಯೊಡನೆ ಕುಳಿತು ಹೊಸ ಚಿತ್ರ ಯೋಚಿಸುವ ವ್ಯವಧಾನ ಯಾರಿಗೂ ಉಳಿಯಲಿಲ್ಲ. ಗೋಡೆ ನೋಡು, ಬೆರಳು ತೋರಿಸು, ದುಡ್ಡು ಕೊಡು. ಆ ಗೋಡೆಯನ್ನು ತುಂಬಿಸಿದವರಲ್ಲಿ ಮುಖ್ಯನಾದ ಲ್ಯೂ ಆಲ್ಬರ್ಟ್ಸ್ ಎಂಬಾತನ ಹಿಂದಿನ ಕಸುಬು ಗೋಡೆಗೆ ಅಂಟಿಸುವ ವಾಲ್‌ಪೇಪರಿನ ವಿನ್ಯಾಸ. ಪುನರಾವರ್ತನೆಯಾಗುವ ಹೂಬಳ್ಳಿಗಳನ್ನು ಬರೆದು ಪಳಗಿದ ಕೈ ಹದ್ದು, ಹಡಗು, ಗುಲಾಬಿ, ಕಠಾರಿ ಚುಚ್ಚಿದ ಹೃದಯಗಳನ್ನು ಹಾಳೆಗಟ್ಟಲೆ ಬರೆದು ಬೇರೆ ಹಚ್ಚೆಗಾರರಿಗೆ ಮಾರತೊಡಗಿತು. ಹಾಳೆಗಳು ಅಂಚೆಯಲ್ಲಿ ಊರೂರಿಗೆ ಹೋದವು. ಒಬ್ಬನ ಹದ್ದನ್ನು ಇನ್ನೊಬ್ಬ ನಕಲಿಸಿದ, ಅವನದನ್ನು ಮತ್ತೊಬ್ಬ. ಮೂಲ ಯಾರದೆಂದು ಕೇಳುವುದು ಆ ವ್ಯಾಪಾರದಲ್ಲಿ ಅರ್ಥವಿಲ್ಲದ ಪ್ರಶ್ನೆಯಾಯಿತು.

ಗೋಡೆಯಿಂದ ಚಿತ್ರ ತೋಳಿಗೆ ಇಳಿಯುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಬೇಕು, ಯಾಕೆಂದರೆ ಹಚ್ಚೆಯ ಇಡೀ ಚಿತ್ರಭಾಷೆ ಹುಟ್ಟಿದ್ದು ಅಲ್ಲಿ. ಸೆಲ್ಯುಲಾಯ್ಡ್ ಅಥವಾ ಅಸಿಟೇಟಿನ ಪಾರದರ್ಶಕ ಹಾಳೆಯನ್ನು ನಮೂನೆಯ ಮೇಲಿಟ್ಟು, ಚೂಪು ಮೊನೆಯಿಂದ ಹೊರಗೆರೆಯನ್ನು ಗೀರಿ ತೆಗೆಯುತ್ತಿದ್ದರು. ಗೀರಿನ ಕಾಲುವೆಗಳಿಗೆ ಇದ್ದಿಲ ಪುಡಿಯಂಥ ಕಪ್ಪು ಪುಡಿ ಉಜ್ಜುವುದು, ತೋಳಿನ ಕೂದಲು ಬೋಳಿಸಿ ತೆಳುವಾಗಿ ವ್ಯಾಸಲೀನ್ ಸವರುವುದು, ಹಾಳೆಯನ್ನು ಮಗುಚಿ ಒತ್ತಿ ಎತ್ತುವುದು. ಚರ್ಮದ ಮೇಲೆ ಕಪ್ಪುಗೆರೆಯ ನೆರಳು ಉಳಿಯುತ್ತದೆ. ಅದು ಬೆರಳು ತಾಗಿದರೆ ಅಳಿಯುವಂಥದ್ದು. ಅದಕ್ಕೇ ಬಲಗೈಯ ಹಚ್ಚೆಗಾರ ಕೆಳಗಿನ ಬಲಮೂಲೆಯಿಂದ ಶುರುಮಾಡಿ ಮೇಲಕ್ಕೆ ಹೋಗುತ್ತಾನೆ. ರಕ್ತ ಮತ್ತು ಶಾಯಿ ಒರೆಸುವಾಗ ಇನ್ನೂ ಚುಚ್ಚದ ಗೆರೆ ಅಳಿದುಹೋಗಬಾರದು. ಇಂಥ ಅಚ್ಚಿನಲ್ಲಿ ನಯವಾದ ನೆರಳು ಬೆಳಕು ಬರುವುದಿಲ್ಲ, ಬರುವುದು ಗೆರೆ ಮಾತ್ರ. ಆ ಗೆರೆಯೂ ದಪ್ಪವಿರಬೇಕು, ಯಾಕೆಂದರೆ ಚರ್ಮದೊಳಗಿನ ಶಾಯಿ ವರ್ಷಗಳು ಕಳೆದಂತೆ ಮೆಲ್ಲಗೆ ಹರಡುತ್ತದೆ. ಹತ್ತಿರ ಹತ್ತಿರ ಎಳೆದ ಸಣ್ಣಗೆರೆಗಳು ಮುಂದೆ ಒಂದೇ ಮಸಿಯಾಗುತ್ತವೆ. ಹದ್ದಿನ ರೆಕ್ಕೆಗೆ ಎಣಿಸಿದಂತೆ ಕೆಲವೇ ಗರಿ, ಗುಲಾಬಿಗೆ ಕೆಲವೇ ಎಸಳು, ಹೆಂಗಸಿನ ಮುಖಕ್ಕೆ ಮೂಗಿನ ಬದಲು ಎರಡು ಚುಕ್ಕೆ. ಮೂರರಲ್ಲಿ ಒಂದು ಪಾಲು ಕಪ್ಪು, ಒಂದು ಪಾಲು ಬಣ್ಣ, ಒಂದು ಪಾಲು ಬರಿಯ ಚರ್ಮ ಎಂಬುದು ಕಸುಬಿನವರ ಲೆಕ್ಕ. ನಂಬಬಹುದಾದ ಬಣ್ಣಗಳು ಬಹುಕಾಲ ಕೆಂಪು, ಹಸಿರು, ಹಳದಿಯಂಥ ಬೆರಳೆಣಿಕೆಯವೇ. ಇವೆಲ್ಲ ಶೈಲಿಯೆಂದು ನಮಗೆ ಈಗ ಕಾಣುತ್ತವೆ. ಆಗ ಅವು ಕೇವಲ ಕಸುಬಿನ ಕಟ್ಟುಪಾಡುಗಳು. ಸೈನ್ಯದ ಕಟ್ಟುಪಾಡೂ ಅದರಲ್ಲಿ ಸೇರಿತು. 1909ರಲ್ಲಿ ಅಮೆರಿಕದ ನೌಕಾಪಡೆ ಅಶ್ಲೀಲ ಹಚ್ಚೆಯಿದ್ದವರನ್ನು ಸೇರಿಸಿಕೊಳ್ಳುವುದಿಲ್ಲವೆಂದೂ ತಿದ್ದಿಸಿಕೊಂಡು ಬಂದರೆ ನೋಡೋಣವೆಂದೂ ಹೇಳಿದ ಮೇಲೆ, ತೋಳುಗಳ ಮೇಲಿನ ಬೆತ್ತಲೆ ಹೆಂಗಸರಿಗೆ ಸೀರೆ ಉಡಿಸುವಂತೆ ಲಂಗ ತೊಡಿಸುವುದೇ ಹಚ್ಚೆ ಅಂಗಡಿಗಳಿಗೆ ಒಳ್ಳೆಯ ಆದಾಯವಾಯಿತು.

ಈ ಕಥೆಯನ್ನು ಅಮೆರಿಕದಿಂದಲೇ ಶುರುಮಾಡುವುದು ಅಷ್ಟು ಸರಿಯಲ್ಲ. ಅಚ್ಚಿನಿಂದ ಮೈಗೆ ಚಿತ್ರ ಇಳಿದ ಅತಿ ಸ್ಪಷ್ಟ ಉದಾಹರಣೆ ಜಪಾನಿನದು. 1827ರ ಸುಮಾರಿಗೆ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಉಟಾಗಾವಾ ಕುನಿಯೋಶಿ ಎಂಬ ಚಿತ್ರಕಾರ ಚೀನಾದ ಹಳೆಯ ಕಾದಂಬರಿಯೊಂದರ 108 ವೀರರ ಮರದಚ್ಚಿನ ಚಿತ್ರಮಾಲೆ ಆರಂಭಿಸಿದ. ಕಾದಂಬರಿಯಲ್ಲಿ ಮೈಮೇಲೆ ಹಚ್ಚೆಯುಳ್ಳವರು ಕೆಲವರೇ. ಒಂಬತ್ತು ಡ್ರ್ಯಾಗನ್‌ಗಳ ಶಿ ಜಿನ್ ಅವರಲ್ಲೊಬ್ಬ. ಕುನಿಯೋಶಿ ಇನ್ನೂ ಹಲವು ವೀರರ ಬೆನ್ನು ತೋಳುಗಳನ್ನು ಡ್ರ್ಯಾಗನ್, ಹೂವು, ಅಲೆಗಳಿಂದ ತುಂಬಿಸಿದ. ಬೆಂಕಿ ಆರಿಸುವವರು, ಪಲ್ಲಕ್ಕಿ ಹೊರುವವರು, ಕೂಲಿಕಾರರು ಆ ಅಗ್ಗದ ಮುದ್ರಣಗಳನ್ನು ಕೊಂಡು, ಅದರಂತೆ ತಮ್ಮ ಮೈಯನ್ನೂ ಮಾಡಿಕೊಡಿ ಎಂದು ಹಚ್ಚೆಗಾರರ ಬಳಿ ಹೋದರು. ಮೊದಲು ಕಾಗದ, ಆಮೇಲೆ ಚರ್ಮ. ಮಾತುಗಳನ್ನೇ ನೋಡಿ: ಮರದ ಹಲಗೆ ಕೊರೆಯುವುದಕ್ಕೂ ಮೈ ಚುಚ್ಚುವುದಕ್ಕೂ ಜಪಾನಿ ಭಾಷೆಯಲ್ಲಿ ಕೆತ್ತು ಎಂಬರ್ಥದ ಒಂದೇ ಧಾತು. ಇವತ್ತಿಗೂ ಹಚ್ಚೆಗಾರರ ಹೆಸರು 'ಹೊರಿ' ಎಂದು ಶುರುವಾಗುವುದು ಅದರಿಂದಲೇ. ಮುದ್ರಣದಲ್ಲಿ ಬಣ್ಣವನ್ನು ಗಾಢದಿಂದ ತಿಳಿಗೆ ಇಳಿಸುವ 'ಬೊಕಾಶಿ' ಹಚ್ಚೆಯಲ್ಲೂ ಬೊಕಾಶಿಯೇ. ಮೊದಲು ಹೊರಗೆರೆಯ ಹಲಗೆ, ಆಮೇಲೆ ಬಣ್ಣದ ಹಲಗೆಗಳು ಎಂಬ ಮುದ್ರಣದ ಕ್ರಮವೇ ಬೆನ್ನಿನ ಮೇಲೂ ನಡೆಯಿತು. ಆ ಮುದ್ರಣಗಳು ಆ ಕಾಲದ ಜನಪ್ರಿಯ ಮಾಧ್ಯಮ. ನಾಟಕದ ನಟರು, ಕುಸ್ತಿಪಟುಗಳು, ಸುಂದರಿಯರು ಸಾವಿರಾರು ಪ್ರತಿಗಳಲ್ಲಿ ಬಿಕರಿಯಾಗುತ್ತಿದ್ದ ಕಾಲ. 1872ರಲ್ಲಿ ಸರ್ಕಾರ ಹಚ್ಚೆಯನ್ನು ನಿಷೇಧಿಸಿತು. ಆಧುನಿಕ ದೇಶಕ್ಕೆ ಅದು ಶೋಭೆಯಲ್ಲವೆಂಬ ಕಾಳಜಿ. ಅದೇ ಜಪಾನಿನಲ್ಲಿ 1881ರಲ್ಲಿ ಬ್ರಿಟನ್ನಿನ ಇಬ್ಬರು ರಾಜಕುಮಾರರು ಹಚ್ಚೆ ಹಾಕಿಸಿಕೊಂಡು ಹೋದರು, ಅವರಲ್ಲೊಬ್ಬ ಮುಂದೆ ಐದನೆಯ ಜಾರ್ಜ್ ಆದ. 1911ರ ದೆಹಲಿ ದರ್ಬಾರಿನಲ್ಲಿ ನಮ್ಮ ಮಹಾರಾಜರು ತಲೆಬಾಗಿದ್ದು ತೋಳಿನಲ್ಲಿ ಡ್ರ್ಯಾಗನ್ ಹೊತ್ತ ಚಕ್ರವರ್ತಿಗೆ.

ಇನ್ನು ಪಾಪ್ ಆರ್ಟ್. 1961ರಲ್ಲಿ ರಾಯ್ ಲಿಕ್ಟನ್‌ಸ್ಟೈನ್ ಮಿಕ್ಕಿ ಮೌಸ್ ಮತ್ತು ಡೊನಾಲ್ಡ್ ಡಕ್‌ಗಳನ್ನು ಕ್ಯಾನ್ವಾಸಿಗೆ ತಂದ. 1962ರಲ್ಲಿ ಆಂಡಿ ವಾರ್ಹೋಲನ 32 ಸೂಪ್ ಡಬ್ಬಿಗಳು ಲಾಸ್ ಏಂಜಲೀಸಿನಲ್ಲಿ ಸಾಲಾಗಿ ನಿಂತವು, ಅದೇ ವರ್ಷ ಅವನು ಸಿಲ್ಕ್‌ಸ್ಕ್ರೀನ್ ಕೈಗೆತ್ತಿಕೊಂಡ. ದಪ್ಪ ಕಪ್ಪು ಹೊರಗೆರೆ, ಅದರೊಳಗೆ ಏರಿಳಿತವಿಲ್ಲದ ಬಣ್ಣ, ಎಲ್ಲರೂ ನೋಡಿರುವ ಗುರುತು, ಒಂದೇ ಚಿತ್ರ ಮತ್ತೆ ಮತ್ತೆ. ಲಕ್ಷಣಗಳನ್ನು ಹೀಗೆ ಎಣಿಸಿದರೆ ಹಚ್ಚೆ ಅಂಗಡಿಯ ಗೋಡೆಯನ್ನೇ ವರ್ಣಿಸಿದಂತಾಗುತ್ತದೆ. ಇಲ್ಲಿ ಉತ್ಸಾಹ ಮಿತಿಮೀರಬಾರದು. ಪಾಪ್ ಕಲಾವಿದರು ಹಚ್ಚೆಯನ್ನು ಕದ್ದರು, ಹಚ್ಚೆಯಿಂದಲೇ ಪಾಪ್ ಹುಟ್ಟಿತು ಎಂದು ಬರೆಯುವವರಿದ್ದಾರೆ, ಅದಕ್ಕೆ ಪುರಾವೆ ತೀರ ಕಡಿಮೆ. ಬ್ರಿಟನ್ನಿನ ಪೀಟರ್ ಬ್ಲೇಕ್ 1955ರಲ್ಲೇ ಮೈತುಂಬ ಹಚ್ಚೆಯ ಲೋಯಿಲಿಯಾ ಎಂಬ ಪ್ರದರ್ಶನದ ಹೆಂಗಸಿನ ಚಿತ್ರ ಬರೆದ. ಅವನಿಗೆ ಸರ್ಕಸ್, ಜಾತ್ರೆ, ಪೋಸ್ಟ್‌ಕಾರ್ಡ್‌ಗಳ ಲೋಕದ ಮೇಲೆ ನಿಜವಾದ ಪ್ರೀತಿ. ಅಮೆರಿಕದ ನೌಕಾಸೈನಿಕನಾಗಿ ಯುದ್ಧ ನೋಡಿಬಂದ ಶಿಲ್ಪಿ ಎಚ್. ಸಿ. ವೆಸ್ಟರ್‌ಮನ್‌ನ ಕೆಲಸದಲ್ಲಿ ಲಂಗರು, ಹಡಗುಗಳು ಸಿಗುತ್ತವೆ. ವಾರ್ಹೋಲ್, ಲಿಕ್ಟನ್‌ಸ್ಟೈನರ ಕಣ್ಣಿದ್ದದ್ದು ಮಾತ್ರ ಕಿರಾಣಿ ಅಂಗಡಿ ಮತ್ತು ಕಾಮಿಕ್ಸ್ ಪುಸ್ತಕಗಳ ಮೇಲೆ. ಹಾಗಿದ್ದೂ ಹೋಲಿಕೆ ಇದೆಯೆಂದರೆ ಅದಕ್ಕೆ ಕಾರಣ ಒಂದೇ ಕುಲ. ಕಾಮಿಕ್ಸಿನ ದಪ್ಪಗೆರೆ ಅಗ್ಗದ ಕಾಗದದ ಮೇಲೆ ಬಣ್ಣದ ಅಚ್ಚು ಸರಿದಾಗ ತಪ್ಪು ಮುಚ್ಚಲು ಬೇಕಾಗಿತ್ತು, ಹಚ್ಚೆಯ ದಪ್ಪಗೆರೆ ಚರ್ಮ ಸಡಿಲಾದಾಗ ಆಕಾರ ಹಿಡಿಯಲು. ಎರಡೂ ಕಡೆ ಅಗ್ಗದ ನಕಲಿನ ಅರ್ಥಶಾಸ್ತ್ರವೇ ಗೆರೆ ಎಳೆದದ್ದು. ಪಾಪ್ ಮತ್ತು ಫ್ಲ್ಯಾಶ್ ತಂದೆ ಮಗ ಅಲ್ಲ, ದಾಯಾದಿಗಳು. ಅದೇ 1961ರಲ್ಲಿ ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ ಕಾಮಾಲೆ ಹರಡುತ್ತದೆಂದು ಹಚ್ಚೆಯನ್ನು ನಿಷೇಧಿಸಿತು. ನಿಷೇಧ ಹೋದದ್ದು 1997ರಲ್ಲಿ. ಮೂವತ್ತಾರು ವರ್ಷ ಆ ನಗರದ ಗ್ಯಾಲರಿಗಳಲ್ಲಿ ಬೀದಿಯ ಚಿತ್ರಗಳಿಗೆ ಬೆಲೆ ಏರುತ್ತಲೇ ಹೋಯಿತು, ಬೀದಿಯ ಚಿತ್ರಕಾರರಲ್ಲಿ ಒಂದು ವರ್ಗ ಕದ್ದುಮುಚ್ಚಿ ಕೆಲಸ ಮಾಡಿತು.

ಎರಡೂ ಕವಲುಗಳು ಒಬ್ಬ ಮನುಷ್ಯನಲ್ಲಿ ಕೂಡಿದ್ದನ್ನು ನೋಡಬೇಕಾದರೆ ಡಾನ್ ಎಡ್ ಹಾರ್ಡಿಯ ಬಳಿಗೆ ಹೋಗಬೇಕು. 1945ರಲ್ಲಿ ಹುಟ್ಟಿದ, ಕ್ಯಾಲಿಫೋರ್ನಿಯಾದವನು. ಹತ್ತು ವರ್ಷದ ಹುಡುಗನಾಗಿದ್ದಾಗಲೇ ಮನೆಯಲ್ಲಿ ಆಟದ ಹಚ್ಚೆ ಅಂಗಡಿ ತೆರೆದು, ಓರಗೆಯ ಮಕ್ಕಳ ತೋಳುಗಳ ಮೇಲೆ ಬಣ್ಣದ ಪೆನ್ಸಿಲಿನಿಂದ ಹದ್ದು ಹಡಗು ಬರೆಯುತ್ತಿದ್ದ. ಮುಂದೆ ಅವನು ಓದಿದ್ದು ಸ್ಯಾನ್‌ಫ್ರಾನ್ಸಿಸ್ಕೊ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ, ವಿಷಯ ಪ್ರಿಂಟ್‌ಮೇಕಿಂಗ್. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು ಶಾಯಿ ತುಂಬಿ ಅಚ್ಚು ತೆಗೆಯುವ ವಿದ್ಯೆ. 1967ರಲ್ಲಿ ಪದವಿ ಮುಗಿದಾಗ ಯೇಲ್ ವಿಶ್ವವಿದ್ಯಾಲಯದಲ್ಲಿ ಮುಂದಿನ ಓದಿಗೆ ಅವಕಾಶವಿತ್ತು. ಅದನ್ನು ಬಿಟ್ಟು ಸೂಜಿ ಹಿಡಿದ. ಅವನಿಗೆ ದಾರಿ ತೋರಿದವರಲ್ಲಿ ಒಬ್ಬ ಫಿಲ್ ಸ್ಪ್ಯಾರೋ, ಇಂಗ್ಲಿಷ್ ಪ್ರಾಧ್ಯಾಪಕನ ಕೆಲಸ ಬಿಟ್ಟು ಹಚ್ಚೆಗಾರನಾದ ವಿಚಿತ್ರ ಆಸಾಮಿ. ಇನ್ನೊಬ್ಬ ಹೊನೊಲುಲುವಿನ ಹೋಟೆಲ್ ಸ್ಟ್ರೀಟಿನ 'ಸೇಲರ್ ಜೆರ್ರಿ' ನಾರ್ಮನ್ ಕಾಲಿನ್ಸ್. ಯುದ್ಧಕಾಲದಲ್ಲಿ ಪೆಸಿಫಿಕ್ ಸಾಗರದ ಸೈನಿಕರೆಲ್ಲ ಹಾಯುತ್ತಿದ್ದ ಬೀದಿ ಅದು. ಕಾಲಿನ್ಸ್ ಅಮೆರಿಕದ ಫ್ಲ್ಯಾಶನ್ನು ಜಪಾನಿ ಹಿನ್ನೆಲೆಯ ಅಲೆ ಮೋಡಗಳೊಡನೆ ಬೆಸೆಯಲು ನೋಡಿದವನು, ಜಪಾನಿನ ಗಿಫು ಊರಿನ ಹೊರಿಹಿಡೆಯೊಂದಿಗೆ ಪತ್ರವ್ಯವಹಾರ ಇಟ್ಟುಕೊಂಡವನು. ಆ ನಂಟಿನಿಂದ 1973ರಲ್ಲಿ ಹಾರ್ಡಿ ಗಿಫುವಿಗೆ ಹೋಗಿ ಹೊರಿಹಿಡೆಯ ಬಳಿ ಕೆಲಸ ಮಾಡಿದ, ಅದೇ ವರ್ಷ ಕಾಲಿನ್ಸ್ ತೀರಿಕೊಂಡ. 1974ರಲ್ಲಿ ಹಾರ್ಡಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ತೆರೆದ ಅಂಗಡಿಗೆ ಗಿರಾಕಿಗಳು ಮೊದಲೇ ಸಮಯ ಗೊತ್ತುಮಾಡಿಕೊಂಡು ಬರಬೇಕಿತ್ತು, ಗೋಡೆಯಿಂದ ಆರಿಸುವ ಪದ್ಧತಿ ಅಲ್ಲಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಚಿತ್ರ. ಫ್ಲ್ಯಾಶಿನ ಸೆರೆಯಿಂದ ಹಚ್ಚೆಯನ್ನು ಬಿಡಿಸಿ ಕಲೆಯ ಪಟ್ಟಕ್ಕೆ ಏರಿಸಿದ ಘಳಿಗೆ ಇದೇ ಎಂದು ಕಲಾಚರಿತ್ರೆಯವರು ಬರೆಯುತ್ತಾರೆ. ಮುಂದೆ ಆದದ್ದು ನೋಡಿ. 2000ದ ಸುಮಾರಿಗೆ ಅವನು 500 ಅಡಿ ಉದ್ದದ ಸುರುಳಿಯ ಮೇಲೆ 2000 ಡ್ರ್ಯಾಗನ್‌ಗಳನ್ನು ಬರೆದ. ಕೆಲವೇ ವರ್ಷಗಳಲ್ಲಿ ಅವನ ಹುಲಿ, ತಲೆಬುರುಡೆ, ಗುಲಾಬಿಗಳು ಕ್ರಿಸ್ಟಿಯಾನ್ ಆಡಿಜಿಯೆ ಎಂಬ ಫ್ಯಾಷನ್ ವ್ಯಾಪಾರಿಯ ಕೈಗೆ ಪರವಾನಗಿಯಲ್ಲಿ ಸಿಕ್ಕಿ ಟೀಶರ್ಟು, ಟೋಪಿ, ಸಿಗರೇಟ್ ಲೈಟರುಗಳ ಮೇಲೆ ಜಗತ್ತೆಲ್ಲ ಹರಡಿದವು. ಬೆಂಗಳೂರಿನ ಫುಟ್‌ಪಾತಿನಲ್ಲೂ ಅವುಗಳ ಖೋಟಾ ಪ್ರತಿಗಳು ತೂಗಾಡಿದವು. 2019ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಡಿ ಯಂಗ್ ಮ್ಯೂಸಿಯಂ ಅವನ ಜೀವಮಾನದ ಕೆಲಸದ ಪ್ರದರ್ಶನ ಏರ್ಪಡಿಸಿದಾಗ ಅಲ್ಲಿದ್ದದ್ದು ಮುದ್ರಣಗಳು, ಹಾಳೆಗಳು, ಸುರುಳಿ. ಹಚ್ಚೆಗಾರನನ್ನು ಮ್ಯೂಸಿಯಂ ಒಳಗೆ ಬಿಟ್ಟುಕೊಂಡದ್ದು ಕಾಗದ ಹಿಡಿದು ಬಂದನೆಂದು.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಸೂಪ್ ಡಬ್ಬಿಗೂ ತಾಯಿಯ ಹೆಸರಿನ ಹಚ್ಚೆಗೂ ಎಲ್ಲಿಗೆಲ್ಲಿಯ ಹೋಲಿಕೆ? ಪಾಪ್ ಆರ್ಟ್ ತಣ್ಣಗಿನದು, ದೂರ ನಿಂತು ಮುಸಿನಗುವಂಥದ್ದು. ಹಚ್ಚೆ ಬಿಸಿರಕ್ತದ್ದು, ನೋವುಂಡು ಪಡೆದದ್ದು, ಸಾಯುವವರೆಗೆ ಹೊರುವಂಥದ್ದು. ಒಪ್ಪೋಣ. ಆದರೆ ಆ ಆಕ್ಷೇಪ ಭಾವವನ್ನೂ ಚಿತ್ರವನ್ನೂ ಒಂದೇ ಎಂದು ಭಾವಿಸುತ್ತದೆ. ಫ್ಲ್ಯಾಶ್ ಹಾಳೆಯ ಹೃದಯವನ್ನು ಗಮನಿಸಿ: ಅಡ್ಡಲಾಗಿ ಒಂದು ಪಟ್ಟಿ, ಪಟ್ಟಿಯೊಳಗೆ ಖಾಲಿ ಜಾಗ. ಹೆಸರು ಯಾರದಾದರೂ ಸರಿ, ಹೃದಯ ಅದೇ. ಅಂಗಡಿಯಲ್ಲಿ ಸಿಗುವ ಅಚ್ಚಾದ ಲಗ್ನಪತ್ರಿಕೆಯಲ್ಲಿ ಚಿರಂಜೀವಿ, ಚಿರಂಜೀವಿನಿಯರ ಮುಂದೆ ಚುಕ್ಕೆಸಾಲು ಬಿಟ್ಟಿರುವ ಹಾಗೆ. ಪತ್ರಿಕೆ ಸಾವಿರ ಮನೆಗಳಿಗೆ ಒಂದೇ ಆದದ್ದರಿಂದ ಯಾರ ಮದುವೆಯೂ ಸುಳ್ಳಾಗುವುದಿಲ್ಲ. ಸಿದ್ಧ ಚಿತ್ರವೊಂದು ಬಹಳ ಜನರ ಸ್ವಂತ ಭಾವವನ್ನು ಹೊರಬಲ್ಲದೆಂಬುದೇ ಅದರ ಶಕ್ತಿ. ವಾರ್ಹೋಲ್ ಮರ್ಲಿನ್ ಮನ್ರೋಳ ಪ್ರಚಾರಚಿತ್ರವನ್ನು ಸಾಲುಸಾಲಾಗಿ ಒತ್ತತೊಡಗಿದ್ದು ಅವಳು ಸತ್ತ ಕೆಲವೇ ವಾರಗಳಲ್ಲಿ ಎಂಬುದನ್ನು ನೆನೆದರೆ, ಪಾಪ್ ಕೂಡ ಹೇಳಿಕೊಂಡಷ್ಟು ತಣ್ಣಗಿನದಲ್ಲ ಎನ್ನಿಸುತ್ತದೆ. ನಮ್ಮ ಕಡೆಯ ಸಾಕ್ಷಿಯೂ ಇದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಕರ್ನಾಟಕದ ಅದೆಷ್ಟೋ ಅಭಿಮಾನಿಗಳು ಎದೆ ತೋಳುಗಳ ಮೇಲೆ ಅಪ್ಪುವಿನ ಮುಖ ಹಾಕಿಸಿಕೊಂಡರು. ಅದರಲ್ಲಿ ಅಣಕವಿಲ್ಲ, ಇದ್ದದ್ದು ಕಣ್ಣೀರು. ಆದರೆ ಚಿತ್ರ ಬಂದದ್ದು ಸಿನಿಮಾ ಸ್ಟಿಲ್ಲಿನಿಂದ, ಮೊಬೈಲಿಗೆ ಇಳಿಸಿಕೊಂಡು, ಗೆರೆಯಾಗಿಸಿ, ಥರ್ಮಲ್ ಕಾಪಿಯರಿನಿಂದ ನೇರಳೆ ಬಣ್ಣದ ಸ್ಟೆನ್ಸಿಲ್ ಹಾಳೆಗೆ ತೆಗೆದು. ಅದೇ ನಗು ಬಸ್ಸಿನ ಹಿಂಭಾಗದಲ್ಲಿದೆ, ಫ್ಲೆಕ್ಸಿನಲ್ಲಿದೆ, ಆಟೋದ ಪರದೆಯಲ್ಲಿದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಇದೆಲ್ಲ ಬಂದರುಗಳ, ಯಂತ್ರದ ಕಥೆ. ಜಗತ್ತಿನ ಹಚ್ಚೆಯ ಬಹುಪಾಲಿಗೆ ಗೋಡೆಯೂ ಇರಲಿಲ್ಲ, ಹಾಳೆಯೂ ಇರಲಿಲ್ಲ. ಇಂಗ್ಲಿಷಿನ ಟ್ಯಾಟೂ ಎಂಬ ಮಾತನ್ನೇ ಕ್ಯಾಪ್ಟನ್ ಕುಕ್‌ನ ಹಡಗು 1769ರಲ್ಲಿ ತಾಹಿತಿಯಿಂದ ಹೊತ್ತುತಂದದ್ದು, ಅಲ್ಲಿ ಯಾವ ಅಂಗಡಿಯಿತ್ತು? ನಮ್ಮ ಹಚ್ಚೆಯೂ ಹಾಗೆಯೇ. ತಮಿಳಿನ ಪಚ್ಚೈ, ಹಳಗನ್ನಡದ ಪಚ್ಚೆ, ನಮ್ಮ ಹಚ್ಚೆ, ಎಲ್ಲದರಲ್ಲೂ ಇರುವುದು ಹಸಿರು. ಕಪ್ಪುಮಸಿ ಚರ್ಮದಡಿ ತಳೆಯುವ ಬಣ್ಣವೇ ಹೆಸರಾಗಿದೆ. ಊರೂರು ತಿರುಗುವ ಕೊರವಂಜಿಯ ಬುಟ್ಟಿಯಲ್ಲಿ ಸೂಜಿಯೂ ಮಸಿಯೂ ಇರುತ್ತಿದ್ದವೇ ಹೊರತು ನಮೂನೆ ಪುಸ್ತಕವಲ್ಲ. ಚುಕ್ಕೆ, ಗೆರೆ, ಚೇಳು, ತುಳಸಿಕಟ್ಟೆ ಅವಳ ಕೈಯ ನೆನಪಿನಲ್ಲಿದ್ದವು, ಹೊಸ್ತಿಲ ರಂಗೋಲಿ ಅಜ್ಜಿಯ ಬೆರಳಲ್ಲಿರುವ ಹಾಗೆ. ಇದು ನನ್ನ ವಾದವನ್ನು ಮುರಿಯುವ ಬದಲು ತಿದ್ದುತ್ತದೆ. ಹಚ್ಚೆಗೆ ಕಾಗದ ಬೇಕಿಲ್ಲ, ಹಚ್ಚೆ ಕಲೆಯ ಮಾರುಕಟ್ಟೆಗೆ ಬರಲು ಕಾಗದ ಬೇಕು. ಬಿಹಾರದ ಮಿಥಿಲೆಯಲ್ಲಿ ಅದು ಕಣ್ಣೆದುರೇ ನಡೆದಿದೆ. 1960ರ ದಶಕದ ಬರಗಾಲದಲ್ಲಿ ಅಲ್ಲಿನ ಹೆಂಗಸರ ಗೋಡೆಚಿತ್ರಗಳಿಗೆ ಕಾಗದ ಬಂತು, ಮೊದಲು ಹೆಸರು ಮಾಡಿದವರು ಮೇಲುಜಾತಿಯ ಮನೆಗಳವರು. ಜಿತ್ವಾರ್‌ಪುರದ ದಲಿತ ದುಸಾಧ್ ಸಮುದಾಯದ ಚಾನೊ ದೇವಿ ಮತ್ತು ಅವರ ಜೊತೆಯ ಹೆಂಗಸರು 1970ರ ದಶಕದಲ್ಲಿ, ಅಲ್ಲಿಗೆ ಬಂದ ಜರ್ಮನ್ ಮಾನವಶಾಸ್ತ್ರಜ್ಞೆ ಎರಿಕಾ ಮೋಸರ್ ಪ್ರೋತ್ಸಾಹದಿಂದ, ಕಾಗದ ಹಿಡಿದಾಗ ಮೇಲಿನವರ ದೇವರುಗಳನ್ನು ನಕಲಿಸಲಿಲ್ಲ. ತಮ್ಮ ಮೈಮೇಲಿದ್ದ ಗೋದ್ನಾವನ್ನು, ಅಂದರೆ ಹಚ್ಚೆಯನ್ನೇ ಹಾಳೆಗೆ ಇಳಿಸಿದರು. ದೀಪದ ಕಾಡಿಗೆಯ ಕಪ್ಪಿನಲ್ಲಿ ಸಾಲುಸಾಲು ಹೂವು, ಆನೆ, ಹಕ್ಕಿ. ತಮ್ಮ ಕುಲದ ವೀರ ರಾಜಾ ಸಲ್ಹೇಸನ ಕಥೆ. ಆನೆಯೊಂದು ತೋಳಿನ ಮೇಲಿದ್ದಾಗ ಒಂದೇ, ಕಾಗದದ ಮೇಲೆ ಅದು ಇಪ್ಪತ್ತಾಗಿ ಸಾಲು ಹಿಡಿದು ನಡೆಯಿತು. ಇಲ್ಲಿ ಚಿತ್ರ ನಡೆದದ್ದು ಮೈಯಿಂದ ಹಾಳೆಗೆ, ಬೌವರಿಗೆ ತದ್ವಿರುದ್ಧವಾದ ದಿಕ್ಕು. ಗ್ಯಾಲರಿಯ ಬಾಗಿಲು ತೆರೆದದ್ದು ಮಾತ್ರ ಎರಡೂ ಕಡೆ ಹಾಳೆಗೇ. ಇಂದು ನಮ್ಮ ಜಾತ್ರೆಗಳಲ್ಲಿ ಬ್ಯಾಟರಿಯ ಯಂತ್ರ ಇಟ್ಟುಕೊಂಡು ಕೂರುವವನ ಮುಂದೆಯೂ ಒಂದು ನಮೂನೆ ಬೋರ್ಡಿದೆ: ಓಂ, ಚೇಳು, ಆಂಜನೇಯ, ಬಾಣ ಚುಚ್ಚಿದ ಹೃದಯ. ಲ್ಯೂ ಆಲ್ಬರ್ಟ್ಸನ ಗೋಡೆಯ ಮರಿಮಗು ಅದು.

ಚಿತ್ರವೇ ಇಲ್ಲದ ಹಚ್ಚೆಯೂ ಕಲೆಯಾಗಿದೆ ಎಂಬುದು ಉಳಿದ ಮಾತು. ಸ್ಪೇನಿನ ಸಾಂಟಿಯಾಗೊ ಸಿಯೆರಾ 1999ರಲ್ಲಿ ಹವಾನಾದಲ್ಲಿ ಆರು ಜನ ನಿರುದ್ಯೋಗಿಗಳಿಗೆ ದುಡ್ಡು ಕೊಟ್ಟು ಸಾಲಾಗಿ ನಿಲ್ಲಿಸಿ, ಅವರ ಬೆನ್ನುಗಳ ಮೇಲೆ 250 ಸೆಂಟಿಮೀಟರಿನ ಒಂದೇ ನೇರಗೆರೆ ಹಚ್ಚೆ ಹಾಕಿಸಿದ. ಅದರಲ್ಲಿ ಹದ್ದಿಲ್ಲ, ಗುಲಾಬಿಯಿಲ್ಲ. ಅದು ಫ್ಲ್ಯಾಶಿನ ವಂಶವಲ್ಲ ಎಂದು ನಾನೂ ಒಪ್ಪುತ್ತೇನೆ. ಅದರ ಪೂರ್ವಜರು ಬೇರೆ. 1797ರಿಂದ 1849ರವರೆಗೆ ಬಂಗಾಳದಲ್ಲಿ ಕಂಪನಿ ಸರ್ಕಾರ ಜೀವಾವಧಿ ಕೈದಿಗಳ ಹಣೆಯ ಮೇಲೆ ಅಪರಾಧವನ್ನು ಹಚ್ಚೆಯಲ್ಲಿ ಬರೆಸುತ್ತಿತ್ತು, ಸಿಯೆರಾನ ಗೆರೆ ಆ ಸಾಲಿಗೆ ಸೇರುತ್ತದೆ. ಆದರೆ ಅದು ಅಪವಾದ, ಮತ್ತು ಒಮ್ಮೆ ಮಾಡಿದರೆ ಮುಗಿಯುವಂಥದ್ದು. ಹೆಚ್ಚಿನವರು ಹಳೆಯ ಗೋಡೆಗೇ ಮರಳಿದ್ದಾರೆ. ಮೆಕ್ಸಿಕೋದ ಡಾಕ್ಟರ್ ಲಕ್ರಾ ಎಂಬ ಹೆಸರಿನ ಕಲಾವಿದ ಸ್ವತಃ ಹಚ್ಚೆಗಾರ. ಹಳೆಯ ಪತ್ರಿಕೆಗಳ ಚೆಲುವೆಯರು, ಕುಸ್ತಿಪಟುಗಳ ಚಿತ್ರಗಳ ಮೇಲೆ ಶಾಯಿಯಿಂದ ಮೈತುಂಬ ಹಚ್ಚೆ ಬರೆಯುತ್ತಾನೆ. ಅಚ್ಚಾದ ಮೈಗೆ ಅಚ್ಚಿನ ಚಿತ್ರ. ಬೆಲ್ಜಿಯಮ್ಮಿನ ವಿಮ್ ಡೆಲ್ವೊಯ್ ಹಂದಿಗಳಿಗೆ ಹಚ್ಚೆ ಹಾಕಿದ, ಅದಕ್ಕಾಗಿ ಚೀನಾದಲ್ಲಿ ಒಂದು ಫಾರ್ಮ್ ನಡೆಸಿದ. ಹಂದಿಯ ಮೇಲಿನ ಹಚ್ಚೆ ಯಾವ ಸಂಕಟದ, ಯಾವ ಪ್ರೀತಿಯ ಗುರುತೂ ಆಗಲಾರದು, ಅಲ್ಲಿ ಉಳಿಯುವುದು ಬರಿಯ ನಮೂನೆ. ಹಂದಿಗೆ ಕೇಳದೆ ಹಾಕಿದ್ದಂತೂ ನನಗೆ ಅಸಹ್ಯವೇ. 2006ರಲ್ಲಿ ಆರಂಭಿಸಿ ಅವನು ಸ್ವಿಟ್ಜರ್ಲೆಂಡಿನ ಟಿಮ್ ಸ್ಟೈನರ್ ಎಂಬವನ ಬೆನ್ನನ್ನು ತುಂಬಿಸಿದ. ಕನ್ಯೆ ಮೇರಿ, ಮೇಲೆ ಮೆಕ್ಸಿಕೋ ಬಗೆಯ ತಲೆಬುರುಡೆ, ಸುತ್ತ ಕಿರಣಗಳು, ಕವಲುತೋಕೆ ಹಕ್ಕಿಗಳು, ಕೆಂಪು ನೀಲಿ ಗುಲಾಬಿ, ಕೋಯ್ ಮೀನುಗಳು, ಮೀನಿನ ಮೇಲೆ ಮಕ್ಕಳು. ಇದರಲ್ಲಿ ಹೊಸದು ಒಂದೂ ಇಲ್ಲ. ಬೌವರಿ, ಹೋಟೆಲ್ ಸ್ಟ್ರೀಟ್, ಎಡೊ, ಮೆಕ್ಸಿಕೋ ಎಲ್ಲ ಗೋಡೆಗಳಿಂದ ಆಯ್ದು ತಂದ ಸರಕು, ಬಲಬದಿಯಲ್ಲಿ ಕಲಾವಿದನ ಸಹಿ. 2008ರಲ್ಲಿ ಆ ಕೃತಿಯನ್ನು ಜರ್ಮನಿಯ ಸಂಗ್ರಾಹಕ ರಿಕ್ ರೈಂಕಿಂಗ್ 1,50,000 ಯೂರೋಗೆ ಕೊಂಡ. ಕರಾರಿನಂತೆ ಟಿಮ್ ಕಾಲಕಾಲಕ್ಕೆ ಗ್ಯಾಲರಿಗಳಲ್ಲಿ ಅಂಗಿ ತೆಗೆದು, ಜನರಿಗೆ ಬೆನ್ನು ಮಾಡಿ ಕೂರಬೇಕು. ಅವನು ಸತ್ತ ಮೇಲೆ ಬೆನ್ನಿನ ಚರ್ಮವನ್ನು ಸುಲಿದು, ಹದಮಾಡಿ, ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುತ್ತಾರೆ.